ಎರಡೂ ಹೊತ್ತು ಬಿಡಿಸಿದ್ದು

ಆಡಿನ ಬೆನ್ನು ಮುಟ್ಟಿ ನೋಡುವ ಮೊದಲು ನಮ್ಮ ಕೈಯನ್ನೇ ಮುಟ್ಟಿ ನೋಡಿಕೊಳ್ಳಬೇಕು. ಬೆರಳು ನೀಡಿ ಹಿಂಗೈ ಸವರಿದರೆ ಒಳಗೆ ಮೂಳೆಯಿದೆ ಎಂದು ತಿಳಿಯುತ್ತದೆ, ಆದರೆ ಚುಚ್ಚುವುದಿಲ್ಲ. ಗಟ್ಟಿಮುಟ್ಟಾದ ಆಡಿನ ಬೆನ್ನು ಹಾಗಿರುತ್ತದೆ. ಅದೇ ಕೈಯನ್ನು ಮುಷ್ಟಿ ಕಟ್ಟಿ ಸವರಿದರೆ ಒಂದೊಂದು ಗೆಣ್ಣೂ ಎಣಿಸುವ ಹಾಗೆ ಸಿಗುತ್ತದೆ. ಬೆನ್ನು ಹಾಗಾಯಿತೆಂದರೆ ಆಡು ತನ್ನ ಮೈಯನ್ನೇ ಕರಗಿಸಿ ಹಾಲು ಮಾಡುತ್ತಿದೆ ಎಂದು ಅರ್ಥ.

ಇದನ್ನು ಕಲಿತ ದಿನದಿಂದ ನನಗೆ ಕಂಡಕಂಡಲ್ಲಿ ಮುಷ್ಟಿ ಕಟ್ಟಿ ಗೆಣ್ಣು ಸವರಿಕೊಳ್ಳುವ ಚಟ ಹತ್ತಿತು. ಇಡಗುಂದಿಯಲ್ಲಿ ಬಸ್ಸಿಗೆ ಕಾಯುವಾಗ ನನ್ನ ಪಕ್ಕ ನಿಂತವರು ಒಂದು ಹೆಜ್ಜೆ ಸರಿದು ನಿಂತದ್ದೂ ಉಂಟು. ಐವತ್ತು ದಾಟಿದ ಬೋಳುತಲೆಯ ಮನುಷ್ಯ ಹೊಡೆದಾಟಕ್ಕೆ ಸಿದ್ಧನಾಗುತ್ತಿದ್ದಾನೆ ಎಂದುಕೊಂಡಿರಬೇಕು.

ಕಲಿಸಿದವರು ನಮ್ಮ ಭಾಗದ ಪಶುವೈದ್ಯೆ. ಹಾವೇರಿ ಕಡೆಯವರು, ಚುರುಕು. ಡಿಸೆಂಬರ್ ಕೊನೆಯ ಒಂದು ಬೆಳಿಗ್ಗೆ ನಮ್ಮ ದನಗಳಿಗೆ ಲಸಿಕೆ ಹಾಕಲು ಬಂದವರು, ಕೊಟ್ಟಿಗೆಯ ಮೂಲೆಯಲ್ಲಿದ್ದ ಆಡನ್ನು ಕಂಡು ನಿಂತರು. ಅದರ ಹೊಟ್ಟೆಯ ಕೆಳಗೆ ಐದು ತಿಂಗಳ ಮರಿ ಮೊಣಕಾಲೂರಿ, ಕೆಚ್ಚಲಿಗೆ ಗುದ್ದಿ ಗುದ್ದಿ ಕುಡಿಯುತ್ತಿತ್ತು. ಪ್ರತಿ ಗುದ್ದಿಗೂ ತಾಯಿಯ ಹಿಂಗಾಲು ನೆಲದಿಂದ ಮೇಲೇಳುತ್ತಿತ್ತು.

"ಹೆಸರೇನ್ರಿ ಇದರದು?"

"ಗೌರಿ."

ಅವರು ನನ್ನ ಮುಖವನ್ನೇ ನೋಡಿದರು. ಮೂರು ತಲೆಮಾರಿನಿಂದ ದನ ಮಾತ್ರ ಕಟ್ಟಿದ ಮನೆ ನಮ್ಮದು. ಆಡಿಗೆ ಇಡಲು ಬೇರೆ ಹೆಸರು ಗೊತ್ತಿರಲಿಲ್ಲ. ಆಡು ಬಂದದ್ದಾದರೂ ಯಾಕೆಂದರೆ, ಹೀಗೆ ದನದ ಮನೆಯಲ್ಲಿ ಹುಟ್ಟಿದ ನನಗೆ ನಲವತ್ತೆಂಟಕ್ಕೆ ದನದ ಹಾಲು ಸೇರದಂತಾಯಿತು. ಒಂದು ಲೋಟ ಕುಡಿದರೆ ಹೊಟ್ಟೆಯಲ್ಲಿ ಚಂಡೆ. ಆಡಿನ ಹಾಲು ಸೇರಬಹುದು ಎಂದು ಯಾರೋ ಹೇಳಿದರು, ಬಿಳಗಿ ಕಡೆಯಿಂದ ಈ ಆಡನ್ನು ತಂದೆ, ಸೇರಿತು. ವಾನಳ್ಳಿಯಲ್ಲಿರುವ ಹೆಂಡತಿಯ ಅಣ್ಣ ಅಂದಿನಿಂದ ಫೋನ್ ಮಾಡಿದಾಗಲೆಲ್ಲ "ಹಲೋ" ಅನ್ನುವ ಬದಲು "ಮ್ಯಾ" ಅನ್ನುತ್ತಾನೆ.

ಪಶುವೈದ್ಯೆ ಗೌರಿಯ ಬೆನ್ನು ಮುಟ್ಟಿದರು, ಹೊಟ್ಟೆಯ ಕೆಳಗೆ ಕೈ ಹಾಕಿ ನೋಡಿದರು. ಹೋತದ ಹತ್ತಿರ ಯಾವಾಗ ಹೋಗಿತ್ತು ಎಂದು ಕೇಳಿದರು. ನಾವು ಕಳಿಸಿರಲಿಲ್ಲ. ಅಕ್ಟೋಬರ್ ಮೊದಲಲ್ಲಿ ಕೆಳಗಿನ ಕೇರಿಯ ಹೋತವೊಂದು ಬೇಲಿ ಹಾರಿ ಬಂದು, ಎರಡು ಬದನೆ ಗಿಡ ತಿಂದು ಹೋಗಿತ್ತು. ನಾನು ಬದನೆ ಗಿಡಕ್ಕಷ್ಟೇ ಬೇಜಾರು ಮಾಡಿಕೊಂಡಿದ್ದೆ.

"ಗಬ್ಬ ಐತ್ರಿ ಇದು. ಮಾರ್ಚ್‌ನಾಗ ಈಯತೈತಿ," ಎಂದರು. "ಹೊಟ್ಟ್ಯಾಗೊಂದು, ಮೊಲಿಗೊಂದು. ಎಷ್ಟಂತ ಸಾಕತೈತಿ ಇದು? ಬೆನ್ನ ನೋಡ್ರಿ, ಮುಷ್ಟಿ ಆಗೈತಿ. ಹದಿನೈದ್ ಇಪ್ಪತ್ ದಿನದಾಗ ಮೈ ಹಿಡೀಲಿಲ್ಲಂದ್ರ ಹೊಟ್ಟ್ಯಾಗಿಂದು ಉಳಿಯೂದಿಲ್ಲ. ಅದರ ಕೂಡ ಇದೂ ಹೋದ್ರ ನನ್ನ ಕೇಳಬ್ಯಾಡ್ರಿ."

ಮೊಲೆಗೆ ಒಂದಲ್ಲ, ಎರಡು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಬಂತು.

"ಎರಡು ಮರಿ ಇದ್ದು ಡಾಕ್ಟ್ರೆ. ಒಂದು ಇಲ್ಲಿ ಕುಡಿತಾ ಇದ್ದು, ಇನ್ನೊಂದು ಚಾಕ್ಕೆ ಹಾಕ್ಕಂಡು ಕುಡಿತು." ಕೊನೆಯ ಮಾತಿಗೆ ಅವಳ ಗಲ್ಲ ನನ್ನ ಕಡೆ ತಿರುಗಿತ್ತು.

ಪಶುವೈದ್ಯೆ ನಕ್ಕು, "ಇಬ್ಬರನೂ ಬಿಡಸ್ರಿ ಹಂಗಾರ," ಎಂದರು.

ನನಗೆ ಅನುಮಾನ ಬಂದರೆ ಕೇಳದೆ ಇರಲಾಗುವುದಿಲ್ಲ. ಅನುಮಾನ ಇಲ್ಲದ ವಿಷಯದಲ್ಲೂ ಒಮ್ಮೆ ಕೇಳಿಬಿಡುತ್ತೇನೆ. ಹಾಗಾಗಿ, ಅವರು ಸ್ಕೂಟರ್ ಹತ್ತುವಾಗ ಹಿಂದೆಯೇ ಹೋಗಿ, "ಮರಿ ಬೆಳಿಗ್ಗೆ ಮಾತ್ರ ಬಿಡಿಸಿದರೆ ಸಾಕಾ, ಸಂಜೆಯೂ ಬಿಡಿಸಬೇಕಾ?" ಎಂದೆ.

"ಎರಡೂ ಹೊತ್ತು ಬಿಡಸ್ರಿ! ಒಂದ್ ಹೊತ್ತಿನ್ಯಾಗ ಏನ್ ಆಗತೈತಿ?"

ಅವರು ಹೊರಟುಹೋದರು. ನಾನು ಶ್ರದ್ಧೆಯಿಂದ ಕೆಲಸ ಶುರುಮಾಡಿದೆ.

ಹಾಲು ಕರೆಯುವ ದನದ ಕೊಟ್ಟಿಗೆಯಲ್ಲಿ ಬೆಳೆದವರಿಗೆ ಒಂದು ಕ್ರಮ ರಕ್ತದಲ್ಲೇ ಇರುತ್ತದೆ. ಕರುವನ್ನು ತಾಯಿಗೆ ಸಿಗದಂತೆ ಬೇರೆ ಕಟ್ಟಬೇಕು. ಬೆಳಿಗ್ಗೆ, ಸಂಜೆ ಕರೆಯುವ ಹೊತ್ತಿಗೆ ಕರು ಬಿಡಿಸಬೇಕು, ಅಂದರೆ ಕುತ್ತಿಗೆಯ ಹಗ್ಗ ಬಿಚ್ಚಿ ತಾಯಿಯ ಹತ್ತಿರ ಬಿಡಬೇಕು. ಅದು ನಾಲ್ಕು ಗುಟುಕು ಕುಡಿದಾಗ ದನ ಹಾಲು ಇಳಿಸುತ್ತದೆ. ನಾವು ಅದಕ್ಕೆ ಸೊರೆ ಬಿಡುವುದು ಎನ್ನುತ್ತೇವೆ. ಆಮೇಲೆ ಕರುವನ್ನು ಎಳೆದು ಕಟ್ಟಿ, ಚೆಂಬು ಹಿಡಿದು ಕೂರಬೇಕು. "ಕರು ಬಿಡ್ಸಿದ್ಯ?" ಎಂದು ನನ್ನ ಅಮ್ಮ ದಿನಕ್ಕೆ ಎರಡು ಸಲ ಕೇಳುತ್ತಿದ್ದ ಮಾತನ್ನು ಕೇಳಿಯೇ ನಾನು ದೊಡ್ಡವನಾದದ್ದು. ಇಷ್ಟು ದಿನ ನಮ್ಮ ಮರಿಯನ್ನು ಕಟ್ಟಿಯೇ ಇರಲಿಲ್ಲ, ಹೊತ್ತುಗೊತ್ತಿಲ್ಲದೆ ಕುಡಿಯುತ್ತಿತ್ತು. ಇನ್ನು ಮುಂದೆ ಅದನ್ನು ಕಟ್ಟಿಹಾಕಿ, ಎರಡು ಹೊತ್ತು ಮಾತ್ರ ಬಿಡಿಸಬೇಕು. ಪಶುವೈದ್ಯೆ ಹೇಳಿದ್ದು ಇದನ್ನೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯ ಇರಲಿಲ್ಲ. ನನ್ನ ಜೀವನದಲ್ಲಿ ನಾನು ಸಂಶಯಪಡದೆ ಮಾಡಿದ ಕೆಲಸಗಳು ಬಹಳ ಕಡಿಮೆ. ಇದು ಅವುಗಳಲ್ಲಿ ಒಂದು.

ಮರಿಯನ್ನು ಪಕ್ಕದಲ್ಲಿ ಸೌದೆ ಒಟ್ಟುವ ಕಟ್ಟಿಗೆ ಕೊಟ್ಟಿಗೆಯಲ್ಲಿ ಕಟ್ಟಿದೆ. ಅದರ ಮುಂದೆ ಹಲಸಿನ ಸೊಪ್ಪು, ಹಾಲವಾಣದ ಸೊಪ್ಪು ಹರಡಿದೆ. ಮರಿ ಅದರ ಮೇಲೆ ನಿಂತು ಕೂಗಿತು. ಮಧ್ಯಾಹ್ನ ಅದರ ಮೇಲೆ ಹಿಕ್ಕೆ ಹಾಕಿತು. ಸಂಜೆ ಅದರ ಮೇಲೆ ಮಲಗಿತು. ತಿನ್ನುವುದೊಂದನ್ನು ಬಿಟ್ಟು ಸೊಪ್ಪಿನಿಂದ ಮಾಡಬಹುದಾದ ಎಲ್ಲವನ್ನೂ ಮಾಡಿತು. ಇಷ್ಟು ಹಸಿದ ಮರಿಗೆ ಎರಡೂ ಹೊತ್ತು ಬಿಡಿಸುವಾಗ ಹತ್ತು ಗುಟುಕು ಹೆಚ್ಚೇ ಸಿಗಲಿ ಎಂದು ನಾನೂ ಸ್ವಲ್ಪ ಕೈ ಸಡಿಲ ಬಿಟ್ಟೆ. ಅಷ್ಟು ಕುಡಿಯದಿದ್ದರೆ ಕೆಚ್ಚಲು ಬಿಗಿದು ಬಾವು ಬರುತ್ತದೆಂಬ ಭಯ ಬೇರೆ.

ನಾಲ್ಕನೆಯ ದಿನ ಮರಿ ಹಗ್ಗ ಜಾರಿಸಿಕೊಂಡು, ಕಟ್ಟಿಗೆ ರಾಶಿಯ ಸಂದಿನಿಂದ ತೂರಿ ತಾಯಿಯನ್ನು ಸೇರಿಕೊಂಡಿತು. ನಾನು ಕರುವಿಗೆ ಕಟ್ಟುವಂಥ ಕುಕ್ಕೆಯನ್ನು, ಬಾಯಿಗೆ ಹಾಕುವ ಪುಟ್ಟ ಬುಟ್ಟಿಯನ್ನು, ಹೆಣೆಯಲು ಕುಳಿತೆ. ಬಿದಿರು ಚುಚ್ಚಬಹುದು, ತಂತಿ ಗೀರಬಹುದು ಎಂದು ಯೋಚಿಸಿ ಹಾಲವಾಣದ ಎಳೆಯ ಗೆಲ್ಲಿನ ಹಸಿ ಸಿಪ್ಪೆ ಸುಲಿದು, ಎಲೆದೇಟು ಸಮೇತ ಹೆಣೆದೆ. ಮೆತ್ತಗಿತ್ತು, ಚೆಂದವೂ ಇತ್ತು. ಹೆಂಡತಿಯನ್ನು ಕರೆದು ತೋರಿಸಿದೆ. ಮರಿಯ ಮೂತಿಗೆ ಕಟ್ಟಿ, ಕೈ ತೊಳೆದು ಬರುವಷ್ಟರಲ್ಲಿ ಕುಕ್ಕೆಯ ಅರ್ಧ ಇರಲಿಲ್ಲ. ಉಳಿದರ್ಧ ಅದರ ಬಾಯಲ್ಲಿತ್ತು.

"ಕುಕ್ಕೆ ತಿಂದ್ಕಂಡೇ ಹೋತಲೆ!" ಹೆಂಡತಿ ಸೆರಗಿನಲ್ಲಿ ನಗು ಒರೆಸಿಕೊಂಡಳು. "ಇನ್ನೊಂದು ಮಾಡಿ ಕೊಡಿ ಪಾಪ. ಹೊಟ್ಟೆ ತುಂಬಿದ್ದಿಲ್ಲೆ."

ನನಗೆ ಅವಮಾನವಾಯಿತು. ಆ ಅವಮಾನದಲ್ಲಿ, ಮರಿ ತನ್ನ ಆಯುಷ್ಯದಲ್ಲಿ ಮೊದಲ ಸಲ ಹಾಲಲ್ಲದ್ದನ್ನು ತಿಂದಿದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಕುಕ್ಕೆಯ ಅವಶೇಷವನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿಟ್ಟೆ.

ಹತ್ತನೆಯ ದಿನ ಪಶುವೈದ್ಯೆ ಮೇಲಿನ ಮನೆಯ ಎಮ್ಮೆ ನೋಡಲು ಬಂದವರು ನಮ್ಮಲ್ಲಿಗೂ ಇಣುಕಿದರು.

"ಬಿಡಿಸೀರೇನ್ರಿ ಮರಿ?"

"ಒಂದು ಹೊತ್ತೂ ತಪ್ಪಿಸಿಲ್ಲ ಡಾಕ್ಟ್ರೇ," ಎಂದೆ. ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹುಡುಗನ ಹಾಗೆ ನಿಂತಿದ್ದಿರಬೇಕು. "ಬೆಳಿಗ್ಗೆ ಆರೂವರೆಗೆ ಒಮ್ಮೆ, ಸಂಜೆ ಐದೂವರೆಗೆ ಒಮ್ಮೆ. ಎರಡೂ ಹೊತ್ತು ಬಿಡಿಸಿದ್ದೇನೆ."

ಅವರು ಗೌರಿಯ ಬೆನ್ನ ಮೇಲೆ ಕೈಯಿಟ್ಟರು. ಬಗ್ಗಿ ಕೆಚ್ಚಲು ನೋಡಿದರು. ಮತ್ತೆ ಬೆನ್ನು ಮುಟ್ಟಿದರು.

"ಇಷ್ಟ್ ಹಾಲು ಹೆಂಗೈತ್ರಿ ಮತ್ತ? ಮೊಲಿ ಹಸಿ ಐತಿ. ಈಗಷ್ಟ ಕುಡದಂಗೈತಿ."

"ಹೌದು, ಆರೂವರೆಗೆ ಬಿಡಿಸಿದ್ನಲ್ಲ."

"ಬಿಡಿಸಿದ್ರ ಹೆಂಗ್ ಕುಡೀತು?"

"ಬಿಡಿಸದೆ ಹೇಗೆ ಕುಡಿಯುತ್ತದೆ?"

ದನವೊಂದು ಬಾಲ ಬೀಸಿತು. ಆಮೇಲೆ ಪಶುವೈದ್ಯೆ, ಮಗುವಿಗೆ ಕೇಳುವ ಹಾಗೆ, "ನೀವು ದಿನಾ ಎರಡೂ ಹೊತ್ತು ಏನ್ ಮಾಡ್ತೀರಿ, ಮಾಡಿ ತೋರಸ್ರಿ," ಎಂದರು.

ನಾನು ಹೊರಗೆ ಹೋಗಿ, ವಾಡಿಕೆಯಂತೆ ಒಮ್ಮೆ ಕೆಮ್ಮಿದೆ. ಕೊಟ್ಟಿಗೆಯ ಒಳಗೆ ಹೋಗುವಾಗ ಜಾನುವಾರು ಬೆಚ್ಚದಿರಲಿ ಎಂದು ಕೆಮ್ಮುವುದು ನಮ್ಮ ಅಪ್ಪನಿಂದ ಬಂದದ್ದು. ಕೆಮ್ಮು ಕೇಳಿದ್ದೇ ಮರಿ ಕಟ್ಟಿಗೆ ಕೊಟ್ಟಿಗೆಯಲ್ಲಿ ಕುಣಿಯತೊಡಗಿತು. ಅದರ ಕುತ್ತಿಗೆಯ ಹಗ್ಗ ಬಿಚ್ಚಿದೆ. ಅದು ಬಾಣದ ಹಾಗೆ ಬಂದು ಗೌರಿಯ ಕೆಳಗೆ ನುಗ್ಗಿತು. ಗೌರಿಯ ಹಿಂಗಾಲು ಮೇಲೆದ್ದಿತು.

"ಬಿಡಿಸಿದೆ," ಎಂದೆ.

ಪಶುವೈದ್ಯೆ ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಅಯ್ಯ ನಿಮ್ಮ! ಹಾಲು ಕುಡಿಯೂದು ಬಿಡಸ್ರಿ ಅಂದಿದ್ನಿ ನಾ! ಹಗ್ಗ ಬಿಡಸ್ರಿ ಅನ್ನಲಿಲ್ಲ!" ಆಮೇಲೆ ಅವರ ಕೈ ಮತ್ತೆ ಗೌರಿಯ ಬೆನ್ನಿಗೆ ಹೋಯಿತು, ನಗು ನಿಂತಿತು. "ಹತ್ ದಿನ ಹೋತ್ರಿ," ಎಂದರು. ನಾನು ಸುಮ್ಮನೆ ಮುಷ್ಟಿ ಕಟ್ಟಿ ಗೆಣ್ಣು ಸವರಿಕೊಂಡೆ.

ಆ ದಿನ ಅವರು ಹೇಳಿದ್ದನ್ನು ಒಂದೊಂದಾಗಿ ಚೀಟಿಯಲ್ಲಿ ಬರೆದುಕೊಂಡೆ. ಅರ್ಥವನ್ನೂ ಕೇಳಿ ಪಕ್ಕದಲ್ಲೇ ಬರೆದೆ. ಗೌರಿಗೆ ಹಿಂಡಿ, ತೌಡು ನಿಲ್ಲಿಸಬೇಕು. ನಾಲ್ಕು ದಿನ ಒಣ ಹುಲ್ಲು, ನೀರು ಮಾತ್ರ. ಹಾಲು ಕರೆಯಬಾರದು, ಕೆಚ್ಚಲು ಮುಟ್ಟಬಾರದು. ಮುಟ್ಟಿದಷ್ಟೂ ಹಾಲು ಹುಟ್ಟುತ್ತದೆ. ಕೆಚ್ಚಲು ಕಲ್ಲಾಗಿ ಬಿಸಿಯಾದರೆ ಮಾತ್ರ ಬಿಗಿ ಕಡಿಮೆಯಾಗುವಷ್ಟು ಹಿಂಡಬೇಕು, ಖಾಲಿ ಮಾಡಬಾರದು. ಹಾಲು ಬತ್ತಿದ ಮೇಲೆ ತಿಂಡಿಯನ್ನು ನಿಧಾನವಾಗಿ ಹೆಚ್ಚಿಸಬೇಕು. ಮರಿಯನ್ನು ತಾಯಿಗೆ ಕೂಗು ಕೇಳಿಸದಷ್ಟು ದೂರ ಇಡಬೇಕು.

ಕೊನೆಯದೇ ಕಷ್ಟ. ಕೂಗು ಕೇಳಿಸದಷ್ಟು ದೂರ ಎಂದರೆ ನಮ್ಮ ಜಾಗದಲ್ಲಿ ಇಲ್ಲ. ಕೆಳಗಿನ ಕೇರಿಯಲ್ಲಿ ಹದಿನಾಲ್ಕು ಆಡು ಸಾಕಿದ ಒಬ್ಬ ಹೆಂಗಸಿದ್ದರು, ನನಗಿಂತ ಹತ್ತು ವರ್ಷ ಹಿರಿಯರು. ಬದನೆ ಗಿಡ ತಿಂದ ಹೋತವೂ ಅವರದೇ. ಕೇಳಲು ಹೋದರೆ ಅವರೇ ಮರಿ ನೋಡುತ್ತೇನೆಂದು ನನ್ನ ಜೊತೆ ಬಂದರು. ಕಟ್ಟಿಗೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ನೆಲದ ಮೇಲೆ ಹಿಕ್ಕೆ ಮೆತ್ತಿಕೊಂಡು ಬಿದ್ದ ಸೊಪ್ಪಿನ ಹಾಸಿಗೆ ನೋಡಿದರು.

"ಇದೆಂತಾ ಹೆಗ್ಡೇರೆ, ಗೊಬ್ಬರಗುಂಡಿಯಾ?"

"ಮರಿಗೆ ಹಾಕಿದ ಸೊಪ್ಪು. ಅದು ತಿನ್ನುವುದೇ ಇಲ್ಲ."

"ನಿಮ್ಗೆ ಅನ್ನ ಹಿಂಗೆ ನೆಲಕ್ಕೆ ಹಾಕಿ ಮೇಲೆ ಕುಂಡ್ರಿಸಿದ್ರೆ ಉಣ್ತ್ರಾ?" ಅವರ ಕಣ್ಣು ಗೋಡೆಯ ಗೂಟಕ್ಕೆ ಹೋಯಿತು. "ಅದೆಂತದು?"

ಕುಕ್ಕೆಯ ಕತೆ ಹೇಳಲೇಬೇಕಾಯಿತು. ಅವರು ನಗಲಿಲ್ಲ. ಆ ಅರ್ಧ ಕುಕ್ಕೆಯನ್ನು ತೆಗೆದು ಮೂಸಿ ನೋಡಿ, "ಹಾಲವಾಣ. ಕೆಳಗೂ ಹಾಲವಾಣವೇ ಬಿದ್ದದೆ, ಅದ್ನ ತಿನ್ನಲಿಲ್ಲ. ಮೂತಿ ಮುಂದೆ ನೇತಾಕಿದ್ದು ತಿಂತು. ದನ ತಲೆ ಬಗ್ಗಿಸಿ ತಿಂತದೆ ಹೆಗ್ಡೇರೆ, ಆಡು ತಲೆ ಎತ್ತಿ ತಿಂತದೆ. ಇಷ್ಟೂ ಗೊತ್ತಿಲ್ದೆ ಆಡ್ನ ತಂದ್ರಾ?" ಎಂದರು.

ನಾಲ್ಕು ಗೆಲ್ಲು ಹಾಲವಾಣವನ್ನು ಕಟ್ಟು ಕಟ್ಟಿ, ಮರಿಯ ತಲೆಗಿಂತ ಒಂದು ಗೇಣು ಮೇಲೆ ಜಂತಿಯಿಂದ ಇಳಿಬಿಟ್ಟರು. ಮರಿ ಕೂಗುವುದನ್ನು ನಿಲ್ಲಿಸಿ ನೋಡಿತು. ಮುಂಗಾಲೆತ್ತಿ ಗೋಡೆಗೆ ಕೊಟ್ಟು ನಿಂತಿತು. ಒಂದು ಎಲೆ ಹರಿಯಿತು. ಕುತ್ತಿಗೆ ಕೊಂಕಿಸಿ ಇನ್ನೊಂದು. ನಾನು ಹತ್ತು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದ ದೃಶ್ಯ ಅದು. ನೋಡುತ್ತ ನಿಂತಿದ್ದಾಗ ಹೊಳೆದದ್ದು, ನಾನು ಈ ಎರಡು ಪ್ರಾಣಿಗಳಿಗೆ ಮಾಡಿದ್ದೆಲ್ಲವೂ ಯಾವುದಾದರೂ ದನಕ್ಕೆ ಮಾಡಿದ್ದರೆ ಬಹಳ ಸರಿಯಾಗಿರುತ್ತಿತ್ತು.

"ಹಂಗಾದರೆ ಇಲ್ಲೇ ಇಟ್ಟುಕೊಂಡು ಹೀಗೇ ಕಟ್ಟಿ ಹಾಕಿದರೆ..." ಎಂದೆ.

"ಇಲ್ಲಿದ್ರೆ ಅದು ಕೂಗ್ತದೆ, ತಾಯಿ ಹಾಲಿಳಿಸ್ತದೆ, ನೀವು ನಡು ಮಧ್ಯೆ ಓಡಾಡ್ತ್ರಿ. ನನ್ನಲ್ಲಿಗೆ ಕೊಡಿ. ನನ್ನ ಮರಿಗಳ ಸಂಗ್ತಿ ಬೆಟ್ಟಕ್ಕೆ ಹೋದ್ರೆ ನೋಡಿ ಕಲೀತದೆ. ಒಂದೇ ಮಾತು, ನೀವು ಆ ಕಡೆ ಬರೂಕಾಗ್ದು. ನಾ ಹೇಳಿ ಕಳಿಸೂವರೆಗೂ ಬರೂಕಾಗ್ದು."

ಅಲ್ಲಿ ನನ್ನ ಸಂಕಟ ಶುರುವಾಯಿತು. ಬೆಟ್ಟದಲ್ಲಿ ಚಿರತೆ ಇದೆ. ಕೇರಿಯಲ್ಲಿ ನಾಯಿಗಳಿವೆ. ಹದಿನಾಲ್ಕು ಆಡಿನಲ್ಲಿ ಯಾವುದಕ್ಕೋ ಕೆಮ್ಮಿರಬಹುದು. ಹೋತ ಗುದ್ದಬಹುದು. ಹುಟ್ಟಿದಾಗಿನಿಂದ ನಮ್ಮ ಮನೆಯ ಬಾವಿ ನೀರನ್ನೇ ಕುಡಿದ ಮರಿಗೆ ಹಳ್ಳದ ನೀರು ಸೇರದಿರಬಹುದು. ಇದನ್ನೆಲ್ಲ ನಾನು ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ, ಯಾಕೆಂದರೆ ಹೆಂಡತಿ ಜಗುಲಿಯಿಂದ, "ಆನು ಒಂದು ಹೇಳ್ತೆ," ಎಂದಳು. "ಅಲ್ಲಿ ಚಿರತೆ ಬಂದ್ರೆ ಬತ್ತು, ಬರದಿದ್ರೆ ಇಲ್ಲೆ. ಇಲ್ಲಿ ಗೌರಿ ಬೆನ್ನು ದಿನಾ ಕಾಣ್ತಾ ಇದ್ದು."

ನಾನು ಗೌರಿಯ ಹತ್ತಿರ ಹೋಗಿ ಬೆನ್ನು ಮುಟ್ಟಿದೆ. ಮುಷ್ಟಿ ಕಟ್ಟಿ ಹೋಲಿಸಿ ನೋಡುವ ಅಗತ್ಯ ಇರಲಿಲ್ಲ. ಹೊರಗೆ ಬಂದು ಮರಿಯ ಹಗ್ಗವನ್ನು ಆ ಹೆಂಗಸಿನ ಕೈಗೆ ಕೊಟ್ಟೆ. ಹಾಲವಾಣದ ಕಟ್ಟನ್ನು ಮುಂದೆ ಹಿಡಿದು ಅವರು ನಡೆದರು. ಮರಿ ಅದರ ಹಿಂದೆ ಮೂತಿ ಚಾಚಿಕೊಂಡು ಇಳಿದು ಹೋಯಿತು. ಒಮ್ಮೆಯೂ ತಿರುಗಿ ನೋಡಲಿಲ್ಲ. ಅದಕ್ಕೂ ನನಗೆ ಬೇಜಾರಾಯಿತು.

ಮೊದಲ ದಿನ ಗೌರಿ ಇಡೀ ದಿನ ಕೂಗಿತು. ಎರಡನೆಯ ದಿನ ಬೆಳಿಗ್ಗೆ ಸಂಜೆ ಮಾತ್ರ. ಕೆಚ್ಚಲು ತುಂಬಿತು. ಮುಟ್ಟಬಾರದು ಎಂದು ಚೀಟಿಯಲ್ಲಿತ್ತು. ಮುಟ್ಟದೆ, ಬಿಸಿಯಾಗಿದೆಯೇ ಎಂದು ತಿಳಿಯುವುದು ಹೇಗೆ ಎಂದು ಚೀಟಿಯಲ್ಲಿರಲಿಲ್ಲ. ಅರ್ಧ ಗಂಟೆಗೊಮ್ಮೆ ಹೋಗಿ ಹಿಂಗೈ ತಾಗಿಸಿ ಬರುತ್ತಿದ್ದೆ. ಹೆಂಡತಿ ಅದನ್ನು ಕಂಡವಳೇ ಎರಡು ಸೇರು ಹುರುಳಿ ತಂದು ನನ್ನ ಮುಂದೆ ಸುರಿದು, ಕಲ್ಲು ಆರಿಸಲು ಕೂರಿಸಿದಳು. "ಕೈಗೆ ಕೆಲಸ ಇರಲಿ," ಎಂದಳು. ಇಷ್ಟು ಶುದ್ಧವಾದ ಹುರುಳಿ ನಮ್ಮ ಮನೆಯಲ್ಲಿ ಅದಕ್ಕೆ ಮೊದಲೂ ಬೆಂದಿರಲಿಲ್ಲ, ಆಮೇಲೂ ಇಲ್ಲ.

ಚಾದ ಜಾಗಕ್ಕೆ ಕೊತ್ತಂಬರಿ ಕಷಾಯ ಬಂತು. ಹಾಲಿಲ್ಲದ್ದು. ನಾನೂ ಮೊದಲ ದಿನ ಇಡೀ ದಿನ ಕೂಗಿದೆ, ಎರಡನೆಯ ದಿನ ಬೆಳಿಗ್ಗೆ ಸಂಜೆ ಮಾತ್ರ ಎಂದು ಹೆಂಡತಿ ವಾನಳ್ಳಿಗೆ ಫೋನಿನಲ್ಲಿ ವರದಿ ಮಾಡುತ್ತಿದ್ದುದು ಕೇಳಿಸಿತು.

ಮೂರನೆಯ ದಿನ ಮಧ್ಯಾಹ್ನ ಕೆಚ್ಚಲಿನ ಎಡಭಾಗ ನಿಜಕ್ಕೂ ಗಟ್ಟಿಯಾಗಿ, ಬೆಚ್ಚಗಾಯಿತು. ಗೌರಿ ಕಾಲು ಅಗಲಿಸಿ ನಿಂತಿತ್ತು. ಮನೆಯ ಹಿಂದಿನ ದಿಬ್ಬ ಹತ್ತಿ, ನೆಟ್‌ವರ್ಕ್ ಸಿಗುವ ಬಂಡೆಯ ಮೇಲೆ ನಿಂತು ಪಶುವೈದ್ಯೆಗೆ ಫೋನ್ ಮಾಡಿದೆ.

"ಸ್ವಲ್ಪ ಹಿಂಡಿ ಬಿಡ್ರಿ," ಎಂದರು.

"ಹಿಂಡಿ, ಬಿಡುವುದು ಎಂದರೆ ಏನನ್ನು ಬಿಡುವುದು? ಮರಿಯನ್ನಾ? ಮರಿ ಇಲ್ಲಿ ಇಲ್ಲ. ಅಥವಾ ಹಿಂಡಿ, ಅಂದರೆ ಶೇಂಗಾ ಹಿಂಡಿ, ಅದನ್ನು ಬಿಡುವುದಾ?"

ಆ ಕಡೆಯಿಂದ ಉಸಿರು ಬಿಟ್ಟದ್ದು ಕೇಳಿಸಿತು. "ಕೈಲೆ ಹಾಲು ಹಿಂಡ್ರಿ. ಒಂದು ಬೊಗಸಿ. ಸಾಕು ಮಾಡ್ರಿ. ಕೈ ತೊಳಕೋರಿ. ಮನ್ಯಾಗ ಹೋಗ್ರಿ."

ಹಾಗೇ ಮಾಡಿದೆ. ಒಂದು ಬೊಗಸೆ ಹಾಲನ್ನು ಬಾಳೆ ಬುಡಕ್ಕೆ ಚೆಲ್ಲಿದೆ. ಚೆಲ್ಲುವ ಮೊದಲು ಒಂದು ಕ್ಷಣ ಚಾದ ನೆನಪಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಮರುದಿನ ಬಿಗಿ ಇಳಿಯಿತು, ಬಿಸಿ ಬರಲಿಲ್ಲ. ಕೆಚ್ಚಲು ದಿನದಿನಕ್ಕೆ ಜೋಲತೊಡಗಿತು.

ತಾಯಿಯ ಚಿಂತೆ ಕಡಿಮೆಯಾದದ್ದೇ ಮರಿಯ ಚಿಂತೆ ಆ ಜಾಗಕ್ಕೆ ಬಂದು ಕುಳಿತಿತು. ಐದನೆಯ ದಿನ ಒಂದು ಹೊರೆ ಹಾಲವಾಣ ಕಡಿದುಕೊಂಡು ಕೆಳಗಿನ ಕೇರಿಗೆ ಹೊರಟೆ. ಮರಿ ನೋಡುವುದಕ್ಕಲ್ಲ, ಸೊಪ್ಪು ಕೊಡುವುದಕ್ಕೆ. ಬೇಲಿಯ ಹತ್ತಿರ ನಿಂತು, ಮರೆಯಲ್ಲೇ ಹೊರೆ ಇಳಿಸಿ ಬಂದುಬಿಡುವುದೆಂದು ನಿಶ್ಚಯ. ಹಳ್ಳ ದಾಟುವ ಮರದ ಸಂಕದ ಮೇಲೆ ಬರುವಾಗ ಕಣ್ಣಿಗೆ ಕಂಡಿತು: ನಮ್ಮ ಮರಿ ಇನ್ನೆರಡು ಮರಿಗಳ ನಡುವೆ ನಿಂತು, ನೇತುಬಿದ್ದ ಬಳ್ಳಿಗೆ ಕುತ್ತಿಗೆ ಚಾಚಿ ತಿನ್ನುತ್ತಿತ್ತು. ಸಮಾಧಾನವಾಯಿತು. ಆ ಸಮಾಧಾನದಲ್ಲಿ ಗೊತ್ತಿಲ್ಲದೆ ಒಮ್ಮೆ ಕೆಮ್ಮಿದೆ.

ಮರಿಯ ಕಿವಿ ನೆಟ್ಟಗಾಯಿತು. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ, ಬಹಳ ಬೇಗ ನಡೆಯಿತು. ಅದು ಬೇಲಿ ತೂರಿ, ಸಂಕ ದಾಟಿ, ನನ್ನ ಮೊಣಕಾಲಿಗೆ ಬಂದು ಗುದ್ದತೊಡಗಿತು. ಲುಂಗಿಯ ತುದಿಯನ್ನು ಬಾಯಿಗೆ ಹಾಕಿಕೊಂಡು ಚೀಪಿತು. ಹಿಂದೆಯೇ ಆ ಹೆಂಗಸು ಓಡಿಬಂದರು.

"ಅಯ್ಯೋ ಪುಣ್ಯಾತ್ಮಾ! ನಾಕ್ ದಿನದಿಂದ ತಾಯಿ ಹೆಸರೆತ್ತಲಿಲ್ಲ ಅದು. ನಿಮ್ಮ ಕೆಮ್ಮು ಕೇಳಿ ಈಗ ಹಾಲು ಬೇಕಾಗದೆ ನೋಡಿ!"

ಹತ್ತು ದಿನ ಎರಡೂ ಹೊತ್ತು ಕೆಮ್ಮಿ, ಹಗ್ಗ ಬಿಚ್ಚಿ, ಹಾಲು ಕುಡಿಸಿದವನು ನಾನು. ಮರಿಯ ಲೆಕ್ಕದಲ್ಲಿ ಹಾಲು ಬರುತ್ತಿದ್ದುದು ಗೌರಿಯಿಂದಲ್ಲ, ನನ್ನ ಗಂಟಲಿನಿಂದ. ಅವರು ಮರಿಯನ್ನು ಹೊತ್ತುಕೊಂಡೇ ಹೋಗಬೇಕಾಯಿತು. ಆ ದಿನವೆಲ್ಲ ಅದು ಸೊಪ್ಪು ಮುಟ್ಟಲಿಲ್ಲವೆಂದೂ, ಸಂಕದ ಕಡೆಗೇ ನೋಡಿ ಕೂಗಿತೆಂದೂ ಆಮೇಲೆ ತಿಳಿಯಿತು. ಹೋಗುವಾಗ ಅವರು ತಿರುಗಿ ಹೇಳಿದರು: "ತಾಯಿನ ಬಿಡ್ಸೂಕೆ ನಾಕು ದಿನ ಸಾಕಾಯ್ತು ಹೆಗ್ಡೇರೆ. ನಿಮ್ಮನ್ನ ಬಿಡ್ಸೂಕೆ ಎಷ್ಟು ಬೇಕೋ!"

ಈ ಸಲದ 'ಬಿಡಿಸು' ನನಗೆ ಕೇಳದೆಯೇ ಅರ್ಥವಾಯಿತು.

ಆಮೇಲೆ ನಾನು ಕೆಳಗಿನ ಕೇರಿಯ ದಾರಿ ಹಿಡಿಯಲಿಲ್ಲ. ಇಡಗುಂದಿಗೆ ಹೋಗುವಾಗಲೂ ಮೇಲಿನ ಸುತ್ತು ದಾರಿಯಲ್ಲಿ ಹೋದೆ. ಕೆಮ್ಮು ಬಂದರೆ ಟವೆಲ್ಲು ಬಾಯಿಗೆ ಒತ್ತಿಕೊಂಡೆ. ಹೆಂಡತಿಯೇ ಎರಡು ದಿನಕ್ಕೊಮ್ಮೆ ಸೊಪ್ಪಿನ ಹೊರೆ ಮುಟ್ಟಿಸಿ, ಸುದ್ದಿ ತರುತ್ತಿದ್ದಳು. "ತಿಂತಾ ಇದ್ದು", "ಹಾರ್ತಾ ಇದ್ದು", "ಹೋತದ ಸಂಗ್ತಿ ಜಗಳ ಆಡ್ತಾ ಇದ್ದು". ಪ್ರತಿಯೊಂದಕ್ಕೂ ನನ್ನಲ್ಲಿ ಮೂರು ಪ್ರಶ್ನೆ ಇರುತ್ತಿದ್ದವು. ಒಂದನ್ನು ಕೇಳಿ ಎರಡನ್ನು ನುಂಗಬೇಕೆಂದು ಒಪ್ಪಂದವಾಗಿತ್ತು.

ಇತ್ತ ಗೌರಿಗೆ ಹಿಡಿ ಹಿಡಿಯಾಗಿ ತಿಂಡಿ ಶುರುಮಾಡಿದೆ. ಸೊಪ್ಪನ್ನು ಜಂತಿಯಿಂದ ಇಳಿಬಿಟ್ಟೆ. ದನಗಳು ತಲೆ ಬಗ್ಗಿಸಿ, ಅದು ತಲೆ ಎತ್ತಿ, ಒಂದೇ ಕೊಟ್ಟಿಗೆಯಲ್ಲಿ ತಿನ್ನುತ್ತಿದ್ದವು. ಬೆನ್ನನ್ನು ವಾರಕ್ಕೆ ಒಂದೇ ಸಲ ಮುಟ್ಟಬೇಕು ಎಂದು ನಿಯಮ ಮಾಡಿಕೊಂಡು, ಎರಡು ಸಲ ಮುಟ್ಟಿದೆ. ಮೊದಲ ವಾರ ಏನೂ ಬದಲಾಗಲಿಲ್ಲ. ಎರಡನೆಯ ವಾರದ ಕೊನೆಗೆ ಗೆಣ್ಣುಗಳ ನಡುವಿನ ತಗ್ಗು ಸ್ವಲ್ಪ ತುಂಬಿದ ಹಾಗೆ ಕಂಡಿತು, ಆದರೆ ನನಗೆ ನನ್ನ ಬೆರಳಿನ ಮೇಲೆ ನಂಬಿಕೆಯಿಲ್ಲ. ಹೆಂಡತಿಯ ಕೈಯಲ್ಲಿ ಮುಟ್ಟಿಸಿದೆ. ಅವಳು ಕಣ್ಣು ಮುಚ್ಚಿ ಮುಟ್ಟಿ, ತನ್ನ ಕೈಯನ್ನು ಮೊದಲು ಮುಷ್ಟಿ ಕಟ್ಟಿ, ಆಮೇಲೆ ನಿಧಾನವಾಗಿ ಅರ್ಧ ಬಿಚ್ಚಿ ತೋರಿಸಿದಳು. "ಇಷ್ಟು," ಎಂದಳು.

ಫೆಬ್ರವರಿ ಮೊದಲಲ್ಲಿ ಕೇರಿಯಿಂದ ಹೇಳಿ ಕಳಿಸಿದರು. ಆ ಹೆಂಗಸೇ ಮರಿಯನ್ನು ಕರೆತಂದರು. ಎತ್ತರವಾಗಿತ್ತು, ಕೂದಲು ಮಿನುಗುತ್ತಿತ್ತು. ಒಳಗೆ ಬಿಟ್ಟಾಗ ಅದು ಗೌರಿಯ ಹತ್ತಿರ ಹೋಯಿತು, ಬಗ್ಗಿ ಕೆಚ್ಚಲಿಗೆ ಮೂತಿ ತಂದಿತು. ನಾನು ಕೆಮ್ಮು ಬಾರದಿರಲಿ ಎಂದು ಟವೆಲ್ಲು ಬಾಯಿಗೆ ಒತ್ತಿಕೊಂಡೆ. ಗೌರಿ ಕತ್ತು ತಿರುಗಿಸಿ, ಕೊಂಬಿನಿಂದ ಅದರ ಪಕ್ಕೆಗೆ ಒಂದು ಕೊಟ್ಟಿತು. ಮರಿ ಒಂದು ಹೆಜ್ಜೆ ಹಿಂದೆ ಸರಿದು ನಿಂತು, ಮೇಲೆ ನೋಡಿ, ತಾಯಿಯ ಕಟ್ಟಿನಿಂದಲೇ ಎಲೆ ಹರಿಯಿತು.

"ಆಯ್ತು," ಎಂದರು ಆ ಹೆಂಗಸು. "ಇನ್ನು ನೀವು ಕೆಮ್ಮಿ ನೋಡಿ."

"ಬೇಡ," ಎಂದೆ.

ಮಾರ್ಚ್‌ನ ಮೊದಲ ವಾರದ ಒಂದು ಬೆಳಿಗ್ಗೆ ಗೌರಿ ತಿನ್ನುವುದು ಬಿಟ್ಟು ಮೂಲೆಯಲ್ಲಿ ನೆಲ ಕೆರೆಯತೊಡಗಿತು. ನಾನು ಬಿಸಿನೀರು, ಬಟ್ಟೆ, ಅಯೋಡಿನ್, ಬೂದಿ, ಹೊಸ ಬ್ಲೇಡು, ಟಾರ್ಚು, ಎಲ್ಲವನ್ನೂ ಸಾಲಾಗಿ ಜೋಡಿಸುವಷ್ಟರಲ್ಲಿ, ಯಾವುದೂ ಬೇಕಾಗದೆ, ಎರಡು ಮರಿ ಹಾಕಿತು. ಎರಡೂ ಜೀವಂತ. ಒಂದು ಕಪ್ಪು, ಒಂದು ತಾಯಿಯ ಹಾಗೆ ಕಂದು. ಗೌರಿ ಎದ್ದು ನಿಂತು ಎರಡನ್ನೂ ಸರದಿಯಲ್ಲಿ ನೆಕ್ಕಿತು. ಅದರ ಬೆನ್ನ ಮೇಲೆ ಕೈಯಿಟ್ಟೆ. ಮೂಳೆ ಇತ್ತು, ಚುಚ್ಚಲಿಲ್ಲ.

ದಿಬ್ಬ ಹತ್ತಿ, ಬಂಡೆಯ ಮೇಲೆ ನಿಂತು ಪಶುವೈದ್ಯೆಗೆ ಫೋನ್ ಮಾಡಿದೆ. ಎರಡೂ ಉಳಿದಿವೆ ಎಂದಾಗ ಅವರ ಧ್ವನಿಯಲ್ಲಿ ನಗು ಕೇಳಿಸಿತು.

"ಛಲೋ ಆತು. ಗಿಣ್ಣದ ಹಾಲು ಮೊದ್ಲ ಹೊಟ್ಟಿಗೆ ಬೀಳಬೇಕು. ಲಗೂನ ಮರಿ ಬಿಡ್ರಿ."

ನಾನು ಎರಡು ಹೆಜ್ಜೆ ಇಳಿದಿದ್ದವನು ಮತ್ತೆ ಬಂಡೆ ಹತ್ತಿದೆ.

"ಡಾಕ್ಟ್ರೇ, ಬಿಡುವುದು ಅಂದರೆ ಕುಡಿಸುವುದಾ, ತಪ್ಪಿಸುವುದಾ?"

ನೆಟ್‌ವರ್ಕ್ ಹೋಯಿತೇನೋ ಎಂದು ಫೋನಿನ ಪರದೆ ನೋಡಿದೆ.

"ಕುಡಸ್ರೀ!" ಎಂದು ಅವರು ಕೂಗಿದ್ದು ಎಷ್ಟು ಜೋರಾಗಿತ್ತೆಂದರೆ, ಕೆಳಗೆ ಅಂಗಳದಲ್ಲಿದ್ದ ಹೆಂಡತಿ ತಲೆಯೆತ್ತಿ ನೋಡಿದಳು.

ನಾನು ಇಳಿದು ಓಡಿದೆ. ಕೊಟ್ಟಿಗೆಯ ಬಾಗಿಲಿಗೆ ಬರುವಷ್ಟರಲ್ಲಿ ಏದುಸಿರು ಹತ್ತಿ, ತಡೆಯಲಾಗದೆ ಜೋರಾಗಿ ಕೆಮ್ಮಿದೆ. ಕೆಮ್ಮಿದವನು ಅಲ್ಲೇ ನಿಂತುಬಿಟ್ಟೆ. ಒಳಗೆ ಕಪ್ಪು ಮರಿ, ಕಂದು ಮರಿ ಎರಡೂ ನನ್ನನ್ನು ಕೇಳದೆ, ತಾವೇ ಮೊಲೆ ಹುಡುಕಿಕೊಂಡು, ಬಾಲ ಅಲ್ಲಾಡಿಸುತ್ತ ಕುಡಿಯುತ್ತಿದ್ದವು. ಬೇಲಿಯಾಚೆ ಅವುಗಳ ಅಕ್ಕ ಹಾಲವಾಣದ ಗೆಲ್ಲಿಗೆ ಮುಂಗಾಲು ಕೊಟ್ಟು ನಿಂತಿದ್ದಳು. ಕಿವಿ ಒಮ್ಮೆ ನನ್ನ ಕಡೆ ತಿರುಗಿತು. ಆಮೇಲೆ ಎಲೆಯ ಕಡೆ ತಿರುಗಿತು.